ಎರಡು ಬಾಕ್ಸ್ ಟೊಮೆಟೊ ಮತ್ತು ನಿಂತುಹೋದ ಹಾಡು

ಹಾಡು ನಿಂತದ್ದು ನನಗಿಂತ ಮೊದಲು ಗೊತ್ತಾಗಿದ್ದು ನನ್ನ ಹೆಂಡತಿಗೆ. ಬೆಳಗಿನ ಜಾವ ಮಂಡಿಗೆ ಹೊರಟು ಸ್ಕೂಟರಿಗೆ ಕಿಕ್ ಹೊಡೆಯುವ ಹೊತ್ತಿಗೆ ನನ್ನ ಬಾಯಲ್ಲಿ ಚರ್ಚಿನ ಯಾವುದಾದರೊಂದು ಕೀರ್ತನೆಯ ಚರಣ ಇರುತ್ತಿತ್ತು. ಇಪ್ಪತ್ತು ವರ್ಷದ ರೂಢಿ. "ಏನ್ರೀ, ಈಚೆಗೆ ಬರೀ ಗಾಡಿ ಸದ್ದೇ ಕೇಳ್ಸುತ್ತೆ?" ಅಂದಳು ಒಂದು ದಿನ. ಗಂಟಲು ಸರಿಯಿಲ್ಲ ಅಂದೆ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರಲ್ಲಿ ನಾನು ರೈಟರ್. ರೈತರು ಇಳಿಸಿದ ಬಾಕ್ಸ್ ಎಣಿಸುವುದು, ಹರಾಜಿನಲ್ಲಿ ನಿಂತ ರೇಟು ಬರೆದುಕೊಳ್ಳುವುದು, ಬಿಲ್ ಹಾಕುವುದು ನನ್ನ ಕೆಲಸ. ಭಾನುವಾರ ಚರ್ಚಿನ ಸಭೆಯಲ್ಲಿ ಕಾಣಿಕೆ ಎಣಿಸುವವನೂ ನಾನೇ. ವಾರವೆಲ್ಲಾ ಎಣಿಕೆ.

ಸಂತೋಷ ಹೋಯಿತು ಅಂದರೆ ನಂಬಿಕೆ ಹೋಯಿತು ಅಂತಲ್ಲ. ಆರಾಧನೆ ತಪ್ಪಿಸಲಿಲ್ಲ, ಕ್ವಾಯರಿನಲ್ಲಿ ನಿಲ್ಲುತ್ತಿದ್ದೆ, ಸಂಪಾದನೆಯ ಹತ್ತರಲ್ಲೊಂದು ಪಾಲು, ದಶಮಾಂಶ, ಕೊಡುತ್ತಿದ್ದೆ. ಆದರೆ ಪ್ರಾರ್ಥನೆ ಮಾಡುವಾಗ ಫೋನ್ ಕಟ್ಟಾದ ಮೇಲೂ ಹಲೋ ಹಲೋ ಅಂದ ಹಾಗಿರುತ್ತಿತ್ತು. ಇದಕ್ಕೆ ನಾನು ಕಂಡುಕೊಂಡ ಕಾರಣಗಳು ಒಂದೆರಡಲ್ಲ. ಹೊಸದಾಗಿ ಬಂದ ಪಾಸ್ಟರ್ ಅಯ್ಯನವರ ಪ್ರಸಂಗ ಉದ್ದ. ಕೀಬೋರ್ಡ್ ಹುಡುಗ ಎಲ್ಲ ಹಾಡನ್ನೂ ಓಡಿಸುತ್ತಾನೆ. ನನಗೆ ನಿದ್ದೆ ಕಡಿಮೆ. ಮೂರು ದಿನದ ಪ್ರಾರ್ಥನಾ ಕೂಟಕ್ಕೆ ಹೋಗಿ ಬಂದೆ, ಶುಕ್ರವಾರ ಉಪವಾಸ ಹಿಡಿದೆ. ಬೈಬಲಿನಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರವನ್ನು ದಿನಕ್ಕೊಂದು ಅಧ್ಯಾಯದಂತೆ ಓದಿದೆ. ನಾಲ್ಕೇ ಅಧ್ಯಾಯ. ಪೌಲ ಬೇಡಿ ಹಾಕಿಸಿಕೊಂಡು ಕೂತು ಸಂತೋಷಪಡಿರಿ ಅನ್ನುತ್ತಾನೆ, ನಾನು ಬಿಡಾಡಿ ಓಡಾಡಿಕೊಂಡಿದ್ದೂ ಆಗುತ್ತಿಲ್ಲ. ಓದಿದಷ್ಟೂ ಬೈಸಿಕೊಂಡ ಹಾಗಾಯಿತು.

2024ರ ಬೂದಿ ಬುಧವಾರ, ಅಂದರೆ ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಕಾಲ ಶುರುವಾಗುವ ದಿನ, ಫೆಬ್ರುವರಿ 14ಕ್ಕೆ ಬಂದಿತ್ತು. ಅಂದಿನ ಆರಾಧನೆಯಲ್ಲಿ ಬೈಬಲಿನ 51ನೆಯ ಕೀರ್ತನೆಯನ್ನು ಅಯ್ಯನವರು ಒಂದು ವಚನ, ಸಭೆ ಒಂದು ವಚನ ಓದುವುದು. ರಕ್ಷಣಾನಂದವನ್ನು, ದೇವರು ಕಾಪಾಡಿದ್ದಾನೆ ಎಂಬ ಸಂತೋಷವನ್ನು, ಮತ್ತೆ ಕೊಡು ಎಂಬ ಬೇಡಿಕೆ ಬರುವುದು 12ನೆಯ ವಚನದಲ್ಲಿ. ತಿಂಗಳುಗಟ್ಟಲೆ ನಾನು ಬೇಡುತ್ತಿದ್ದದ್ದು ಅದೊಂದನ್ನೇ. ಅಂದು ಮೊದಲಿಂದ ಓದುತ್ತಾ ಬಂದರೆ ಮೂರನೆಯ ವಚನದಲ್ಲೇ ಸಿಕ್ಕಿಕೊಂಡೆ. ನನ್ನ ಪಾಪ ಯಾವಾಗಲೂ ನನ್ನೆದುರಿಗಿದೆ ಅನ್ನುತ್ತಾನೆ ಕೀರ್ತನೆ ಬರೆದ ದಾವೀದ. ನನ್ನೆದುರಿಗೆ ಬಂದು ನಿಂತದ್ದು ಎರಡು ಬಾಕ್ಸ್ ಟೊಮೆಟೊ.

2023ರ ಜುಲೈ ಯಾರಿಗೆ ಮರೆತಿದೆ? ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಶ್ರೀನಿವಾಸಪುರದ ಕಡೆಯ ಒಬ್ಬ ವಯಸ್ಸಾದ ರೈತರು ನಲವತ್ತು ಬಾಕ್ಸ್ ಇಳಿಸಿ ಟೀ ಕುಡಿಯಲು ಹೋದರು. ನಾನು ಮೂವತ್ತೆಂಟು ಬರೆದೆ, ಎರಡು ಡ್ಯಾಮೇಜ್ ಅಂದೆ. ಆ ಎರಡನ್ನು ತಳ್ಳುಗಾಡಿಯವನಿಗೆ 2,100ರಂತೆ ಕೊಟ್ಟು 4,200 ರೂಪಾಯಿ ಜೇಬಿಗಿಳಿಸಿದೆ. ಮಗಳ ಕಾಲೇಜಿನ ಫೀಸಿಗೆ ಆಯಿತು ಅಂತ ಸಮಾಧಾನ ಮಾಡಿಕೊಂಡೆ. ದೇವರು ಒದಗಿಸಿದ ಅಂತ ಕೂಡ ಒಂದು ಸಲ ಅಂದುಕೊಂಡೆ. ಬರೆಯಲು ನಾಚಿಕೆಯಾಗುವುದು ಕದ್ದದ್ದಕ್ಕಿಂತ ಹೆಚ್ಚಾಗಿ ಇದಕ್ಕೆ.

32ನೆಯ ಕೀರ್ತನೆಯಲ್ಲಿ ಇನ್ನೊಂದು ಮಾತಿದೆ: ಹೇಳದೆ ಮುಚ್ಚಿಟ್ಟುಕೊಂಡಿದ್ದಾಗ ಮೈಯ ಸಾರವೆಲ್ಲ ಬೇಸಿಗೆಗೆ ಬತ್ತಿದ ಹಾಗಾಯಿತು ಅಂತ. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು, ಕೆ.ಸಿ. ವ್ಯಾಲಿ ನೀರು, ಬರುವ ಮೊದಲು ನಮ್ಮ ಕೆರೆಗಳಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಆ ರಾತ್ರಿ ಹೆಂಡತಿಗೆ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಎಷ್ಟು ಕೊಡ್ತೀರಾ?" ಅಂದಳು. ಬೈಬಲಿನ ಸುಂಕದವ ಜಕ್ಕಾಯ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದಿದ್ದ. ಅಷ್ಟು ನನ್ನಲ್ಲಿರಲಿಲ್ಲ. ಬೈಬಲಿನ ಅರಣ್ಯಕಾಂಡ ಎಂಬ ಪುಸ್ತಕದ 5ನೆಯ ಅಧ್ಯಾಯದಲ್ಲಿ ಬೇರೆ ಲೆಕ್ಕವಿದೆ: ತಪ್ಪು ಒಪ್ಪಿಕೊಂಡು, ಮೂಲದ ಜೊತೆಗೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. 4,200ಕ್ಕೆ 840. ಒಟ್ಟು 5,040. ರೈಟರ್ ಬುದ್ಧಿ ನೋಡಿ, ಪಶ್ಚಾತ್ತಾಪಕ್ಕೂ ಬಿಲ್ ಹಾಕಿದೆ.

ಆ ರೈತರ ಊರಿಗೆ ಹೋದೆ. ಯಜಮಾನರು ಮನೆ ಮುಂದೆ ಹಗ್ಗ ಹೊಸೆಯುತ್ತಾ ಕೂತಿದ್ದರು. ಅಳು, ಅಪ್ಪುಗೆ ಏನೂ ನಡೆಯಲಿಲ್ಲ. ದುಡ್ಡನ್ನು ಎರಡು ಸಲ ಎಣಿಸಿದರು. "ಗೊತ್ತಿತ್ತು ಕಣಪ್ಪಾ. ನೀನು ದೇವ್ರಿಗೆ ಹೆದ್ರೋನು ಅಂತ ಅಂದ್ಕೊಂಡಿದ್ದೆ, ಅದೊಂದೇ ಬೇಜಾರು" ಅಂದರು. ಮಜ್ಜಿಗೆ ಕೊಟ್ಟರು. ಕ್ಷಮಿಸಿದೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಾಪಸ್ ಬಂದು ಅಯ್ಯನವರ ಹತ್ತಿರ ಹೋದರೆ, ಪ್ರಾರ್ಥನೆ ಮಾಡಿ ಕಳಿಸುತ್ತಾರೆ ಅಂದುಕೊಂಡಿದ್ದೆ. "ಮಂಡಿ ಮಾಲೀಕರಿಗೆ ಹೇಳಿದ್ರಾ?" ಅಂದರು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಕೆಲಸ ಹೋದರೆ? ನಾಲ್ಕು ದಿನ ಹಿಂದೆ ಮುಂದೆ ನೋಡಿ ಹೇಳಿದೆ. ಮಾಲೀಕರು ಬೈಯಲಿಲ್ಲ. ಒಂದು ತಿಂಗಳು ನನ್ನ ಪ್ರತಿ ಬಿಲ್ಲನ್ನೂ ತಾವೇ ಇನ್ನೊಮ್ಮೆ ಕೂಡಿಸಿದರು. ಎಲ್ಲರೆದುರಿಗೆ, ಕ್ಯಾಲ್ಕುಲೇಟರ್ ಇಟ್ಟುಕೊಂಡು. ಕಾಣಿಕೆ ಎಣಿಸುವುದನ್ನು ನಾನಾಗಿಯೇ ಬಿಟ್ಟುಕೊಟ್ಟೆ. ಸಭೆಯವರು ಕಾರಣ ಕೇಳಿದಾಗ ಕಣ್ಣು ಮಂಜು ಅನ್ನಬೇಕು ಅನಿಸಿತ್ತು, ಅನ್ನಲಿಲ್ಲ.

ಇಷ್ಟೆಲ್ಲ ಆದ ಮೇಲೂ ಸಂತೋಷ ಬರಲಿಲ್ಲ. ನಿದ್ದೆ ಮಾತ್ರ ಬಂತು. ಸಭೆಯಲ್ಲಿ ಎದ್ದು ನಿಂತು ತಮ್ಮ ಅನುಭವದ ಸಾಕ್ಷಿ ಹೇಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಲೆಂಟ್ ಮುಗಿಯುವವರೆಗೂ ಹಾಗೇ ಇತ್ತು. ಆದರೆ ಪ್ರಾರ್ಥನೆ ಗಿಡ್ಡವಾಯಿತು, ಸುಳ್ಳು ಕಡಿಮೆಯಾಯಿತು. ಬೈಬಲಿನ ಮೂರು ಅಧ್ಯಾಯ ಓದಿ ಟಿಕ್ ಹಾಕುವ ಪಟ್ಟಿಯನ್ನು ಮಡಿಸಿಟ್ಟು, ದಿನಕ್ಕೊಂದೇ ಕೀರ್ತನೆಯನ್ನು ಬಾಯಿಬಿಟ್ಟು ಓದಿದೆ. ಬಾಯಿಬಿಟ್ಟು ಓದಿದರೆ ವಚನ ಹಾರಿಸಲು ಆಗುವುದಿಲ್ಲ. ಭಾನುವಾರ ಸಂಜೆ ಮಿಷನ್ ಆಸ್ಪತ್ರೆಯ ವಾರ್ಡಿನಲ್ಲಿ ಯಾರೂ ಬಾರದವರ ಹತ್ತಿರ ಕೂತು ಬರುತ್ತಿದ್ದೆ. ಅಲ್ಲಿ ನನ್ನ ಆತ್ಮದ ಸ್ಥಿತಿಗತಿ ಯಾರಿಗೂ ಬೇಕಿರಲಿಲ್ಲ, ಬಿಸಿನೀರು ಬೇಕಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. ಸಂತೋಷ ಕಳೆದುಕೊಂಡವರೆಲ್ಲ ಪಾಪ ಬಚ್ಚಿಟ್ಟಿರುತ್ತಾರೆ ಅಂತ ನನ್ನ ಕಥೆಯಿಂದ ಯಾರೂ ತಿಳಿಯಬಾರದು. ಬೈಬಲಿನಲ್ಲಿ ತಪ್ಪಿಲ್ಲದೆ ಕಷ್ಟಪಟ್ಟ ಯೋಬನ ಸ್ನೇಹಿತರು ಹಾಗೆ ಮಾತಾಡಿಯೇ ದೇವರ ಕೈಲಿ ಬೈಸಿಕೊಂಡರು. ನಮ್ಮ ಸಭೆಯಲ್ಲಿ ಗಂಡನನ್ನು ಕಳೆದುಕೊಂಡ ಅಕ್ಕ ಒಬ್ಬರಿಗೆ ಎರಡು ವರ್ಷ ಹಾಡಲು ಆಗಲಿಲ್ಲ. ಅದು ದುಃಖ. ಇನ್ನೊಬ್ಬ ಹುಡುಗನಿಗೆ ಬೇಕಾಗಿದ್ದದ್ದು ಮನೋವೈದ್ಯರು, ಉಪವಾಸ ಕೂಟವಲ್ಲ. ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೂತ ಪ್ರಸಂಗ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ಊಟವೇ.

ನನಗೆ ತಿರುಗಿ ಬಂದದ್ದು ಯಾವ ದಿನ ಅಂತ ಹೇಳಲಾರೆ. ರೇಟು ಬಿದ್ದುಹೋಗಿದ್ದ ಒಂದು ಬೆಳಿಗ್ಗೆ, ಮಂಡಿಯಲ್ಲಿ ಎಲ್ಲರ ಮುಖವೂ ಜೋತುಬಿದ್ದಿತ್ತು. ನಾನು ಬಿಲ್ ಬರೆಯುತ್ತಿದ್ದೆ. ಬಾಕ್ಸ್ ಹೊತ್ತು ಬಂದ ಹಮಾಲಿ ಹುಡುಗ ನಿಂತು, "ಏನ್ ರೈಟ್ರೇ, ಈ ರೇಟಲ್ಲೂ ಹಾಡಾ?" ಅಂದ. ಆಗ ಕೇಳಿಸಿಕೊಂಡೆ, ಹಾಡುತ್ತಿದ್ದವನು ನಾನೇ. ಎರಡನೆಯ ಚರಣದಲ್ಲಿದ್ದೆ.

ಶ್ರೀನಿವಾಸಪುರದ ಯಜಮಾನರು ಈಗಲೂ ನಮ್ಮ ಮಂಡಿಗೇ ಮಾಲು ಹಾಕುತ್ತಾರೆ. ಆದರೆ ಟೀ ಕುಡಿಯಲು ಹೋಗುವುದಿಲ್ಲ. ಪಕ್ಕದಲ್ಲೇ ನಿಂತು, ಒಂದೊಂದು ಬಾಕ್ಸನ್ನೂ ಕೈಯಲ್ಲಿ ತಟ್ಟಿ, ಒಕಟಿ, ರೆಂಡು, ಮೂಡು ಅಂತ ತೆಲುಗಲ್ಲಿ ಗಟ್ಟಿಯಾಗಿ ಎಣಿಸುತ್ತಾರೆ. ನಾನೂ ಜೊತೆಗೆ ಎಣಿಸುತ್ತೇನೆ.