ಮೌಸ್ ಪಕ್ಕಕ್ಕಿಟ್ಟು ಒಂದು ಫಾರ್ಮ್ ರಿಪೇರಿ ಮಾಡಿದ್ದು

ವೆಬ್‌ಸೈಟ್‌ನ ಒಂದು ಅರ್ಜಿ ಫಾರ್ಮನ್ನು, ಕಣ್ಣು ಕಾಣದವರು, ಮೌಸ್ ಹಿಡಿಯಲಾಗದವರು ಸೇರಿದಂತೆ ಎಲ್ಲರಿಗೂ ಬಳಸಲು ಬರುವ ಹಾಗೆ ಮಾಡಿಕೊಡಿ ಎಂದು ಕೆಲಸ ಬಂತು. ನೋಡಲು ಅದು ಚೆನ್ನಾಗಿಯೇ ಇತ್ತು. ಆದರೆ ಅರ್ಧಕ್ಕೆ ಬಿಟ್ಟು ಹೋಗುವವರು ಜಾಸ್ತಿ ಇದ್ದರು. ನಾನು ಮೊದಲು ಮಾಡಿದ ಕೆಲಸ ಮೌಸನ್ನು ಕಿತ್ತು ಪಕ್ಕಕ್ಕಿಟ್ಟಿದ್ದು. ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಗಳು, ಇಷ್ಟರಲ್ಲೇ ಫಾರ್ಮ್ ತುಂಬಿ ಕಳಿಸಬೇಕು. ಈ ಪರೀಕ್ಷೆಗೆ ಖರ್ಚಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಎರಡು ಸಲ ಟ್ಯಾಬ್ ಒತ್ತುವಷ್ಟರಲ್ಲಿ ನಾನು ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಫೋಕಸ್ ಇರುವ ಕಡೆ, ಅಂದರೆ ಈಗ ಕೀ ಒತ್ತಿದರೆ ಕೆಲಸ ಆಗುವ ಜಾಗದಲ್ಲಿ, ಬ್ರೌಸರ್ ತಾನಾಗಿ ಒಂದು ಗೆರೆ ಬಿಡಿಸುತ್ತದೆ. ಚೆಂದ ಕಾಣಲ್ಲ ಅಂತ ಯಾರೋ ಅದನ್ನು ಪುಟದ ಅಂದಚೆಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅಳಿಸಿದ್ದರು. ಅದನ್ನು ವಾಪಸ್ ತಂದೆ. ಮುಖ್ಯವಾಗಿ ಕೀಬೋರ್ಡ್ ಬಳಸುವಾಗ ಗೆರೆ ತೋರಿಸುವ 'ಫೋಕಸ್ ವಿಸಿಬಲ್' ಎಂಬ ಸಿಎಸ್‌ಎಸ್ ಸೆಲೆಕ್ಟರ್ ಇರುವುದರಿಂದ ವಿನ್ಯಾಸದವರ ಜೊತೆ ಜಗಳವೂ ಆಗಲಿಲ್ಲ.

ಡ್ರಾಪ್‌ಡೌನ್ ವಿಷಯದಲ್ಲಿ ಮಾತ್ರ ಜಗಳ ಆಯಿತು. ಅದು ಡಿವ್‌ಗಳನ್ನು, ಅಂದರೆ ತಮ್ಮದೇ ಅರ್ಥವಿಲ್ಲದ ಖಾಲಿ ಚೌಕಗಳನ್ನು, ಜೋಡಿಸಿ ಮಾಡಿದ ನಕಲಿ ಡ್ರಾಪ್‌ಡೌನ್. ಟ್ಯಾಬ್ ಅದನ್ನು ಹಾರಿಸಿಕೊಂಡು ಮುಂದೆ ಹೋಗುತ್ತಿತ್ತು. ಏರಿಯಾ (ARIA) ಆಟ್ರಿಬ್ಯೂಟ್‌ಗಳನ್ನು ಸೇರಿಸಿದರೆ ಸರಿಹೋಗುತ್ತಲ್ವಾ ಎಂದು ತಂಡದವರು ಕೇಳಿದರು. ಏರಿಯಾ ಎಂಬ ಗುರುತುಗಳು ಸ್ಕ್ರೀನ್ ರೀಡರ್‌ಗೆ, ಅಂದರೆ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ, ಇದು ಏನು ಎಂದು ಹೇಳುತ್ತವೆ ಅಷ್ಟೇ, ಕೀ ಒತ್ತಿದಾಗ ಪಟ್ಟಿ ತೆರೆಯುವ ಕೆಲಸ ಮಾಡುವುದಿಲ್ಲ ಎಂದೆ. ಅದಕ್ಕೆಲ್ಲ ನಾವೇ ಜಾವಾಸ್ಕ್ರಿಪ್ಟ್ ಬರೆಯಬೇಕು. ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ತಯಾರಾಗಿರುವ ಸೆಲೆಕ್ಟ್ ಎಂಬ ಡ್ರಾಪ್‌ಡೌನ್ ಇರುವಾಗ ಆ ಉಸಾಬರಿ ಯಾಕೆ? ಏರಿಯಾದ ಮೊದಲ ನಿಯಮವೂ ಇದೇ: ಎಚ್‌ಟಿಎಂಎಲ್‌ನಲ್ಲಿ ಇರುವುದರಿಂದ ಕೆಲಸ ಆಗುತ್ತೆ ಅಂದ್ರೆ ಏರಿಯಾ ಮುಟ್ಟಬೇಡಿ. ನನ್ನ ಪ್ರಕಾರ ಈ ಕೆಲಸದಲ್ಲಿ ಅರ್ಧ ಪಾಲು ಹೊಸದನ್ನು ಸೇರಿಸುವುದಲ್ಲ, ಹಿಂದಿನವರು ಸೇರಿಸಿದ ಜಾಣತನವನ್ನು ತೆಗೆದುಹಾಕುವುದು. ಹುಟ್ಟಿದ ದಿನಾಂಕ ಆರಿಸುವ ಕ್ಯಾಲೆಂಡರ್ ಕೂಡ ಹೋಯಿತು. ಹುಟ್ಟಿದ ದಿನ ಎಲ್ಲರಿಗೂ ಬಾಯಿಪಾಠ. ಅದಕ್ಕಾಗಿ ದಶಕಗಳಷ್ಟು ಹಿಂದಕ್ಕೆ ಕ್ಲಿಕ್ ಮಾಡುತ್ತಾ ಹೋಗುವುದು ಯಾರಿಗೆ ಬೇಕು? ದಿನ, ತಿಂಗಳು, ವರ್ಷಕ್ಕೆ ಮೂರು ಬಾಕ್ಸ್ ಇಟ್ಟೆವು. ಬ್ರಿಟನ್ ಸರ್ಕಾರದ ಡಿಸೈನ್ ಸಿಸ್ಟಮ್ ಸಹ ಇಂಥ ದಿನಾಂಕಗಳಿಗೆ ಇದನ್ನೇ ಹೇಳುತ್ತದೆ.

ಆಮೇಲೆ ಎನ್‌ವಿಡಿಎ ಹಾಕಿಕೊಂಡೆ. ಇದು ವಿಂಡೋಸ್‌ಗೆ ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್. ಪರದೆಯನ್ನು ಪೂರ್ತಿ ಕಪ್ಪಾಗಿಸುವ ಸೌಲಭ್ಯವೂ ಇದೆ. ಅದನ್ನು ಆನ್ ಮಾಡದೆ ಪರೀಕ್ಷಿಸಿದರೆ ಕಣ್ಣು ಸುಮ್ನೆ ಕದ್ದು ನೋಡಿಬಿಡುತ್ತದೆ. ಫಾರ್ಮ್‌ನಲ್ಲಿ ಲೇಬಲ್‌ಗಳೇ ಇರಲಿಲ್ಲ, ಬಾಕ್ಸ್ ಒಳಗೆ ತೆಳು ಬೂದು ಬಣ್ಣದ ಸುಳಿವಿನ ಅಕ್ಷರ, ಅಂದರೆ ಪ್ಲೇಸ್‌ಹೋಲ್ಡರ್, ಮಾತ್ರ. ಟೈಪ್ ಮಾಡಲು ಶುರು ಮಾಡಿದರೆ ಅದೂ ಮಾಯ. ಕಣ್ಣು ಕಾಣುವವರಿಗೂ 'ಇಲ್ಲಿ ಏನು ಕೇಳಿದ್ರು?' ಎಂದು ಮರೆತುಹೋಗುತ್ತದೆ. ಪ್ರತಿ ಬಾಕ್ಸ್ ಮೇಲೆ ನಿಜವಾದ ಲೇಬಲ್ ಹಾಕಿದೆವು. ಭಾಷೆ ತಿಳಿಸುವ ಲ್ಯಾಂಗ್ ಆಟ್ರಿಬ್ಯೂಟ್‌ನಲ್ಲಿ ಇಂಗ್ಲಿಷ್ ಎಂದಿತ್ತು, ಕನ್ನಡ ಪುಟಕ್ಕೆ ಕನ್ನಡ ಎಂದು ಬದಲಿಸಿದೆವು. ಇದು ತಪ್ಪಾಗಿದ್ದರೆ ಸ್ಕ್ರೀನ್ ರೀಡರ್ ಬೇರೆ ಭಾಷೆಯ ಧ್ವನಿಯಲ್ಲಿ ಕನ್ನಡ ಓದಲು ಹೋಗಿ ಒದ್ದಾಡಬಹುದು.

ಹೆಚ್ಚು ಹೊತ್ತು ಹಿಡಿದದ್ದು ತಪ್ಪು ತೋರಿಸುವ ಭಾಗ. ಮೊದಲು ತಪ್ಪಾದ ಬಾಕ್ಸ್ ಸುತ್ತ ಕೆಂಪು ಗೆರೆ ಬರುತ್ತಿತ್ತು, ಅಷ್ಟೇ. ಕೆಂಪು ಹಸಿರು ಬೇರ್ಪಡಿಸಲು ಕಷ್ಟವಾಗುವವರಿಗೆ ಅದು ಗೊತ್ತಾಗದೇ ಹೋಗಬಹುದು, ಸ್ಕ್ರೀನ್ ರೀಡರ್‌ಗೆ ಕೇಳುವುದಿಲ್ಲ. ಈಗ ಕಳಿಸು ಬಟನ್ ಒತ್ತಿದಾಗ ತಪ್ಪುಗಳಿದ್ದರೆ ಮೇಲೆ ಒಂದು ಪಟ್ಟಿ ಬರುತ್ತದೆ. ಫೋಕಸ್ ನೇರವಾಗಿ ಆ ಪಟ್ಟಿಗೆ ಹೋಗುತ್ತದೆ. ಪಟ್ಟಿಯ ಪ್ರತಿ ಸಾಲೂ ಆಯಾ ಬಾಕ್ಸ್‌ಗೆ ಲಿಂಕ್. ಬಾಕ್ಸ್ ಪಕ್ಕದಲ್ಲೂ ಅದೇ ಸಂದೇಶ ಇರುತ್ತದೆ, ಸ್ಕ್ರೀನ್ ರೀಡರ್ ಅದನ್ನೂ ಓದಲಿ ಎಂದು ಏರಿಯಾ ಡಿಸ್ಕ್ರೈಬ್ಡ್‌ಬೈ ಎಂಬ ಆಟ್ರಿಬ್ಯೂಟ್ ಮೂಲಕ ಬಾಕ್ಸ್‌ಗೆ ಕಟ್ಟಿದ್ದೇವೆ. ಹೌದು, ಇಲ್ಲಿ ಏರಿಯಾ ಬೇಕೇ ಬೇಕು. ಮಾತನ್ನೂ ಬದಲಿಸಿದೆವು. 'ಅಮಾನ್ಯ ನಮೂದು' ಎಂದಿದ್ದದ್ದು 'ಹುಟ್ಟಿದ ವರ್ಷವನ್ನು 4 ಅಂಕಿಗಳಲ್ಲಿ ಬರೆಯಿರಿ' ಎಂದಾಯಿತು. ಒಂದೊಂದು ಅಕ್ಷರ ಒತ್ತಿದಾಗಲೂ ತಪ್ಪು ಹುಡುಕುವುದನ್ನು ನಿಲ್ಲಿಸಿದೆವು. ಬರೆಯುವವರ ಭುಜದ ಮೇಲಿಂದ ಇಣುಕುವ ಮೇಷ್ಟ್ರ ಹಾಗಿತ್ತು ಅದು.

ಬಣ್ಣದ ಕೆಲಸ ಬೇಗ ಮುಗಿಯಿತು. ವೆಬ್ ಎಲ್ಲರಿಗೂ ಬಳಸಲು ಬರುವಂತಿರಲು ಇರುವ ಮಾರ್ಗಸೂಚಿ ಡಬ್ಲ್ಯುಸಿಎಜಿ ಪ್ರಕಾರ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸ, ಬೇಕು. ಬಿಳಿಯ ಮೇಲೆ 999999 ಎಂಬ ಕೋಡ್‌ನ ಬೂದು ಬಣ್ಣ 2.85ಕ್ಕೇ ನಿಲ್ಲುತ್ತದೆ. 767676 ಹಾಕಿದರೆ 4.54, ಪಾಸು. ನಾವು ಇನ್ನೂ ಸ್ವಲ್ಪ ಗಾಢ ಮಾಡಿದೆವು. ಅಂಚಿನಲ್ಲಿ ಪಾಸಾಗುವುದು ನನಗೆ ಇಷ್ಟವಿಲ್ಲ.

ಪುಟವನ್ನು 400% ದೊಡ್ಡದು ಮಾಡಿ ನೋಡಿದಾಗ ಇಂಗ್ಲಿಷ್‌ನಲ್ಲಿ ಪರೀಕ್ಷಿಸುವವರಿಗೆ ಸುಲಭಕ್ಕೆ ಸಿಗದ ತೊಂದರೆಯೊಂದು ಕಂಡಿತು. ಬಟನ್‌ಗೆ ಇಷ್ಟೇ ಎತ್ತರ ಎಂದು ಕಟ್ಟಿಹಾಕಿದ್ದರಿಂದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿತ್ತು. ಎತ್ತರದ ಬದಲು ಕನಿಷ್ಠ ಎತ್ತರ ಕೊಟ್ಟು, ಸಾಲುಗಳ ನಡುವೆ ಜಾಗ ಹೆಚ್ಚಿಸಿದೆವು.

ಸ್ವಯಂಚಾಲಿತ ಪರೀಕ್ಷೆಯ ಟೂಲ್‌ಗಳನ್ನೂ ಓಡಿಸಿದೆ. ಉಪಯೋಗ ಇದೆ, ಆದರೆ ಪೂರ್ತಿ ಅಂಕ ಬಂದರೆ ಬೀಗಬೇಡಿ. ಚಿತ್ರಕ್ಕೆ ವಿವರಣೆ ಇದೆಯಾ ಎಂದು ಟೂಲ್ ಹೇಳಬಲ್ಲದು. ಆ ವಿವರಣೆಗೆ ಅರ್ಥ ಇದೆಯಾ ಎಂದು ಹೇಳುವುದು ಅದಕ್ಕೆ ಕಷ್ಟ.

ಕೊನೆಗೆ ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರನ್ನು, ಕೈ ನಡುಗುವ ಒಬ್ಬರನ್ನು ಸಂಭಾವನೆ ಕೊಟ್ಟು ಕರೆದೆವು. ಪಕ್ಕದಲ್ಲಿ ಕೂತ ನಮ್ಮ ಸಹೋದ್ಯೋಗಿ ವಿವರಿಸಲು ಹೊರಟಾಗ ಮೊದಲನೆಯವರು, 'ಸ್ವಲ್ಪ ಸುಮ್ನಿರಿ ಸರ್, ಅದು ಏನು ಹೇಳ್ತಿದೆ ಅಂತ ಕೇಳಿಸ್ಕೋಬೇಕು' ಎಂದು ನಕ್ಕರು. ಅವರ ಸ್ಕ್ರೀನ್ ರೀಡರ್ ಓದುವ ವೇಗಕ್ಕೆ ನಮಗೆ ಒಂದು ಪದವೂ ಹಿಡಿಯಲು ಸಿಗಲಿಲ್ಲ. ಅವರು ಪುಟವನ್ನು ಮೇಲಿಂದ ಕೆಳಗೆ ಓದಲೇ ಇಲ್ಲ. ಎಚ್ ಕೀ ಒತ್ತಿ ಹೆಡಿಂಗ್‌ನಿಂದ ಹೆಡಿಂಗ್‌ಗೆ ಹಾರಲು ನೋಡಿದರು. ನಮ್ಮ ಹೆಡಿಂಗ್‌ಗಳು ದಪ್ಪ ಅಕ್ಷರದ ಡಿವ್‌ಗಳಾಗಿದ್ದವು. ಅದೇ ದಿನ ಬದಲಿಸಿದೆವು. ಕೈ ನಡುಗುವವರು 'ಅಳಿಸು' ಮತ್ತು 'ಉಳಿಸು' ಬಟನ್‌ಗಳು ಅಂಟಿಕೊಂಡಿರುವುದನ್ನು ತೋರಿಸಿದರು. 2023ರ ಡಬ್ಲ್ಯುಸಿಎಜಿ 2.2 ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಲಿ ಎನ್ನುತ್ತದೆ. ನಾವು 44ಕ್ಕೆ ಹೋದೆವು, ಎರಡನ್ನೂ ದೂರ ಇಟ್ಟೆವು.

ಇನ್ನೂ ಒಂದು ಬಾಕಿ ಇದೆ. ಅರ್ಜಿ ಕಳಿಸಿದ ಮೇಲೆ ಸಿಗುವ ಪಿಡಿಎಫ್‌ನಲ್ಲಿ ಸ್ಕ್ರೀನ್ ರೀಡರ್‌ಗೆ ಪುಟದ ರಚನೆ ತಿಳಿಸುವ ಟ್ಯಾಗ್‌ಗಳಿಲ್ಲ. ಅದನ್ನು ತಯಾರಿಸುವುದು ಬೇರೆ ತಂಡ. ಅವರು ಸರಿಮಾಡುವ ತನಕ ಅದೇ ವಿವರಗಳನ್ನು ಒಂದು ಮಾಮೂಲಿ ಪುಟದಲ್ಲೂ ತೋರಿಸುತ್ತಿದ್ದೇವೆ.