ಒಲೆಯ ಪಕ್ಕದ ಉಪ್ಪು

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಾವಿನಕಾಯಿ ಇಳಿಯುವ ಹೊತ್ತಿಗೆ ಮನೆಗಳಿಗೆ ಕಲ್ಲುಪ್ಪಿನ ಮೂಟೆ ಬರುತ್ತದೆ. ಉಪ್ಪಿನಕಾಯಿಗೆ ಹಿಡಿಯುವುದು ಅದರಲ್ಲಿ ಸ್ವಲ್ಪವೇ. ಒಂದಿಷ್ಟು ಹಸುವಿನ ಕಲಗಚ್ಚಿಗೆ ಹೋಗುತ್ತದೆ, ಮಿಕ್ಕಿದ್ದು ಅಡುಗೆಮನೆಯ ಮಡಕೆ ಸೇರಿ ವರ್ಷವಿಡೀ ಸಾರಿಗೂ ಪಲ್ಯಕ್ಕೂ ಬೀಳುತ್ತದೆ. ಉಪಕೇಂದ್ರದ ಆರೋಗ್ಯ ಸಹಾಯಕಿಯಾಗಿ ಎಷ್ಟೋ ವರ್ಷ ಬಸುರಿಯರ ಮನೆಗಳಿಗೆ ಹೋಗಿಬಂದರೂ ಈ ಮೂಟೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತೂಕ, ರಕ್ತದೊತ್ತಡ, ಕಬ್ಬಿಣಾಂಶದ ಮಾತ್ರೆ, ತಾಯಿ ಕಾರ್ಡಿನಲ್ಲಿ ನಾಲ್ಕು ಅಕ್ಷರ; ಅಲ್ಲಿಗೆ ಭೇಟಿ ಮುಗಿಯುತ್ತಿತ್ತು.

ಉಪ್ಪಿನಲ್ಲಿ ಇರಬೇಕಾದ ಅಯೋಡಿನ್ ವಿಚಾರವನ್ನು ಅಂಗನವಾಡಿಯ ಗೋಡೆಗೆ ಚಿತ್ರಪಟ ತೂಗುಹಾಕಿ ಹೇಳುತ್ತಿದ್ದೆ. ಗಳಗಂಡದಿಂದ ಕುತ್ತಿಗೆ ಊದಿದ ಹೆಂಗಸಿನ ಚಿತ್ರ ಅದು. ನಾನು ಓಡಾಡುವ ಊರುಗಳಲ್ಲಿ ಅಂಥ ಕುತ್ತಿಗೆ ಅಪರೂಪ. ಹೆಂಗಸರು ನೋಡಿ "ಪಾಪ" ಎಂದು ಎದ್ದುಹೋಗುತ್ತಿದ್ದರು. ತಪ್ಪು ಅವರದಲ್ಲ, ನಾನು ತೋರಿಸಿದ ಚಿತ್ರದ್ದು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಧ್ಯಯನ ಆರಂಭಿಸಿ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುತ್ತದೆ ಎಂದು ತೋರಿಸಿದರು. 1962ರಲ್ಲಿ ಶುರುವಾದ ಸರ್ಕಾರಿ ಕಾರ್ಯಕ್ರಮದ ಹೆಸರಿನಲ್ಲಿಯೂ ಗಳಗಂಡವೇ ಇತ್ತು. 1992ರಲ್ಲಿ ಆ ಹೆಸರನ್ನು ತೆಗೆದು 'ಅಯೋಡಿನ್ ಕೊರತೆಯ ತೊಂದರೆಗಳು' ಎಂದು ಮಾಡಿದರು. ಆ ಬದಲಾವಣೆಯ ಅರ್ಥ ನನಗೆ ತಲುಪಿದ್ದು ಬಹಳ ತಡವಾಗಿ. ಕುತ್ತಿಗೆ ಊದದೆಯೂ ಕೊರತೆ ಇರುತ್ತದೆ. ಗರ್ಭ ನಿಂತ ಮೊದಲ ಮೂರು ತಿಂಗಳು ಕೂಸಿಗೆ ತನ್ನದೇ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ. ಅದರ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ, ಆ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು. ತಾಯಿಯಲ್ಲಿ ಅಯೋಡಿನ್ ತೀರಾ ಕಡಿಮೆಯಾದರೆ ಗರ್ಭ ಇಳಿಯಬಹುದು, ಮಗು ಸತ್ತು ಹುಟ್ಟಬಹುದು, ಉಳಿದ ಮಗುವಿನ ಬುದ್ಧಿ ಕುಂಠಿತವಾಗಬಹುದು. ಆದ ಹಾನಿಯನ್ನು ಆಮೇಲೆ ಸರಿಪಡಿಸುವುದಕ್ಕೆ ಆಗುವುದಿಲ್ಲ.

ಮೂಟೆ ಕಣ್ಣಿಗೆ ಬಿದ್ದದ್ದು ಹೀಗೆ. ಮೂರನೆಯ ತಿಂಗಳ ಬಸುರಿಯೊಬ್ಬಳ ಮನೆಗೆ ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂದು ಪರೀಕ್ಷಿಸುವ ಕಿಟ್ ಹಿಡಿದು ಆಶಾ ಕಾರ್ಯಕರ್ತೆಯೊಡನೆ ಹೋಗಿದ್ದೆ. ಉಪ್ಪು ಕೇಳಿದೆ. ಸೊಸೆ ಪೊಟ್ಟಣ ತಂದಳು. ತಟ್ಟೆಯಲ್ಲಿ ಚಮಚದಷ್ಟು ಹರಡಿ ಒಂದು ಹನಿ ಬಿಟ್ಟೆ, ಕಡುನೇರಳೆಗೆ ತಿರುಗಿತು. ಎಲ್ಲ ಸರಿಯಿದೆ ಎಂದು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಒಲೆಯ ಮುಂದೆ ಕುಳಿತು ಪಕ್ಕದ ಮಡಕೆಗೆ ಕೈ ಹಾಕಿ, ಒಂದು ಹಿಡಿ ಹರಳು ತೆಗೆದು, ಚೊಂಬಿನ ನೀರಿನಲ್ಲಿ ಗಲಬರಿಸಿ, ಆ ನೀರು ಚೆಲ್ಲಿ, ಹರಳನ್ನು ಉಪ್ಪುಸಾರಿಗೆ ಹಾಕಿದರು. ಪೊಟ್ಟಣ ಮೊಸರನ್ನಕ್ಕೆ ಮಾತ್ರವಂತೆ.

ಮಡಕೆಯ ಉಪ್ಪನ್ನು ಕೇಳಿದೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವೆಂದು ಅವರು ಅದನ್ನು ನೆಲದ ಮೇಲೆ ಇಟ್ಟರು, ನಾನು ಎತ್ತಿಕೊಂಡೆ. ಹನಿ ಬಿಟ್ಟೆ. ಬಣ್ಣ ಬರಲಿಲ್ಲ. ಉಪ್ಪಿನಲ್ಲಿ ಕ್ಷಾರ ಹೆಚ್ಚಿದ್ದರೆ ಅಯೋಡಿನ್ ಇದ್ದರೂ ಬಣ್ಣ ಬಾರದೆ ಇರಬಹುದು. ಅದಕ್ಕಾಗಿಯೇ ಕಿಟ್‌ನಲ್ಲಿ ಮರುಪರೀಕ್ಷೆಯ ದ್ರಾವಣವಿದೆ. ಬೇರೆ ಚಿಟಿಕೆ ತೆಗೆದುಕೊಂಡು ಮೊದಲು ಅದನ್ನು ಹಾಕಿ, ನಂತರ ಪರೀಕ್ಷೆಯ ಹನಿ ಬಿಟ್ಟೆ. ಆಗಲೂ ಬೆಳ್ಳಗೆ ಇತ್ತು.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ ನರ್ಸಮ್ಮ. ಇದೇ ಉಪ್ಪು ತಿಂದು ನಾಲ್ಕು ಮಕ್ಕಳನ್ನು ಹೆತ್ತಿದ್ದೇನೆ" ಎಂದರು ಅತ್ತೆ. ನಾನು ವಾದಿಸಲಿಲ್ಲ. ಎರಡು ತಟ್ಟೆಗಳನ್ನೂ ಅವರ ಮುಂದೆಯೇ ಬಿಟ್ಟು, ಸೊಸೆಯ ರಕ್ತದೊತ್ತಡ ನೋಡತೊಡಗಿದೆ. ಸ್ವಲ್ಪ ಹೊತ್ತಿಗೆ ಅವರೇ, "ತೊಳೆದರೆ ಹೋಗುತ್ತದೆಯೇ?" ಎಂದು ಕೇಳಿದರು. ಅಂದಿನಿಂದ ಚಿತ್ರಪಟವನ್ನು ಬೀರುವಿನಲ್ಲಿಟ್ಟೆ.

ಹೌದು, ತೊಳೆದರೆ ಹೋಗುತ್ತದೆ. ಅಯೋಡಿನ್ ಸೇರಿಸಿದ ಕಲ್ಲುಪ್ಪು ಪೊಟ್ಟಣದಲ್ಲಿ ಸಿಗುತ್ತದೆ, ಆದರೆ ಅಯೋಡಿನ್ ಅಂಟಿಕೊಂಡಿರುವುದು ಹರಳಿನ ಮೈಮೇಲೆ. ಮುಚ್ಚಳವಿಲ್ಲದ ಜಾಡಿ, ಒಲೆಯ ಶಾಖ, ಸಾರಿನ ಹಬೆ, ಒದ್ದೆ ಕೈ, ಬಿಸಿಲು ಬೀಳುವ ಕಿಟಕಿ, ಇವೆಲ್ಲವೂ ಅದನ್ನು ಕಡಿಮೆ ಮಾಡುತ್ತವೆ. ಕಾನೂನಿನ ಪ್ರಕಾರ ಕೊಳ್ಳುವವರ ಕೈ ಸೇರುವಾಗ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು. 15 ಪಿಪಿಎಂ ಎಂದರೆ ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕೆನ್ನುತ್ತದೆ, ಬೇರೆ ದೊಡ್ಡವರಿಗೆ 150. ದಿನಕ್ಕೆ ಐದು ಗ್ರಾಂ ಉಪ್ಪು ತಿನ್ನುವವಳಿಗೆ ಈ ಕನಿಷ್ಠ ಮಟ್ಟದ ಉಪ್ಪಿನಿಂದ ಸಿಗುವುದು 75 ಮಾತ್ರ. ಹಾಗೆಂದು ಉಪ್ಪು ಹೆಚ್ಚಿಸಬಾರದು. ಉಪ್ಪು ಒಳ್ಳೆಯದಿರಬೇಕು, ಮಿಕ್ಕಿದ್ದು ಹಾಲು, ಮೊಟ್ಟೆ, ತಿನ್ನುವವರಾದರೆ ಮೀನಿನಿಂದ ಬರಬೇಕು. ನಮ್ಮಲ್ಲಿ ಮನೆಯ ಹಾಲು ಬೆಳಗಾಗುತ್ತಲೇ ಡೇರಿಗೆ ಹೋಗುತ್ತದೆ. ಬಸುರಿಗೆ ಒಂದು ಲೋಟ ತೆಗೆದಿಟ್ಟು ಮಿಕ್ಕಿದ್ದನ್ನು ಹಾಕಿ ಎಂದು ನಾನು ಜಗಳವಾಡಿದ ಮನೆಗಳೂ ಇವೆ. ಮಾತೃಪೂರ್ಣ ಯೋಜನೆಯ ಊಟಕ್ಕೆ ಅಂಗನವಾಡಿಗೆ ಬರುವವರಿಗೆ ಮೊಟ್ಟೆ ಸಿಗುತ್ತದೆ. ಅಲ್ಲಿನ ಉಪ್ಪಿನ ಡಬ್ಬಿಯನ್ನೂ ನಾನು ಬಿಡುವುದಿಲ್ಲ, ಹನಿ ಹಾಕಿಯೇ ನೋಡುತ್ತೇನೆ.

ಮೂಟೆಯನ್ನು ಮನೆಯಿಂದ ಹೊರಗೆ ಹಾಕಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮೂಟೆ ಹಸುವಿಗೆ ಇರಲಿ, ಹಿತ್ತಿಲಿನಲ್ಲಿ ಇರಲಿ. ಒಲೆಯ ಹತ್ತಿರ ಬರಬಾರದು ಎಂದಷ್ಟೇ ಒಪ್ಪಂದ. ಅಡುಗೆಗೆ ಅಯೋಡಿನ್‌ಯುಕ್ತ ಎಂದು ಬರೆದ ಪೊಟ್ಟಣ, ಗಟ್ಟಿ ಮುಚ್ಚಳದ ಡಬ್ಬಿ, ಒಣ ಚಮಚ. ಸಾರು ಇಳಿಸುವ ಮುಂಚೆ ಉಪ್ಪು ಹಾಕಿದರೆ ಇನ್ನೂ ಒಳ್ಳೆಯದು. ಕಾಳು ಬೇಯುವಾಗಲೇ ಉಪ್ಪು ಬೀಳಬೇಕೆನ್ನುವವರ ಜೊತೆ ನಾನು ಹಟ ಹಿಡಿಯುವುದಿಲ್ಲ. ಬಸ್ಸಾರಿನಲ್ಲಿ ಬಸಿದ ಕಟ್ಟು ಸಾರಿಗೇ ಹೋಗುವುದರಿಂದ ನೀರಿನಲ್ಲಿ ಕರಗಿದ್ದು ಮನೆಯವರ ಹೊಟ್ಟೆಗೇ ಸೇರುತ್ತದೆ. ಅಯೋಡಿನ್ ಉಪ್ಪು ಹಾಕಿದರೆ ಉಪ್ಪಿನಕಾಯಿ ಕೆಡುತ್ತದೆ ಎನ್ನುವವರಿಗೆ ನನ್ನ ಮನೆಯ ಭರಣಿಯಿಂದಲೇ ಒಂದು ಹೋಳು ತಂದುಕೊಟ್ಟಿದ್ದೇನೆ. ಅಯೋಡಿನ್ ಇರುವ ಕಲ್ಲುಪ್ಪಿನಲ್ಲಿಯೇ ಹಾಕಿದ್ದು, ಬಣ್ಣವೂ ರುಚಿಯೂ ಹಾಗೆಯೇ ಇದ್ದವು.

ಈಚೆಗೆ ನನ್ನನ್ನು ಹೆಚ್ಚು ಕಾಡುವುದು ಓದಿದ ಸೊಸೆಯಂದಿರು. ಮೊಬೈಲಿನಲ್ಲಿ ನೋಡಿ, ಬಸುರಿಗೆ ಶ್ರೇಷ್ಠವೆಂದು ದುಬಾರಿ ಸೈಂಧವ ಲವಣ ತರಿಸುತ್ತಾರೆ. ಅಯೋಡಿನ್ ಸೇರಿಸಿದೆ ಎಂದು ಬರೆದಿಲ್ಲದಿದ್ದರೆ ಅದು ಹಿತ್ತಿಲಿನ ಮೂಟೆಗಿಂತ ಮೇಲಲ್ಲ. ಇನ್ನು ಕೆಲವರು ಉಪ್ಪು ಬದಲಾಯಿಸಿದೆವೆಂದು ಥೈರಾಯ್ಡ್ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅದು ಅಪಾಯ. ವೈದ್ಯರು ಬರೆದ ಮಾತ್ರೆಯನ್ನು ಅವರೇ ಹೇಳುವವರೆಗೆ ಬಿಡಬಾರದು, ತಾವಾಗಿಯೇ ಅಯೋಡಿನ್ ಗುಳಿಗೆ ನುಂಗಲೂಬಾರದು. ಹೆಚ್ಚಾದರೂ ಥೈರಾಯ್ಡಿಗೆ ಪೆಟ್ಟು.

ನನ್ನ ಕೆಲಸದಲ್ಲಿ ಇನ್ನೊಂದು ಕೊರೆ ಉಳಿದಿತ್ತು. ತಾಯಿ ಕಾರ್ಡ್ ಮಾಡಿಸಲು ಹುಡುಗಿ ಬರುವ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿರುತ್ತದೆ, ಕೂಸಿಗೆ ತಾಯಿಯ ಹಾರ್ಮೋನು ಎಲ್ಲಕ್ಕಿಂತ ಹೆಚ್ಚು ಬೇಕಾದ ತಿಂಗಳುಗಳೇ ಅವು. ಹಾಗಾಗಿ ಈಗ ಮದುವೆಯಾಗಿ ಊರಿಗೆ ಬಂದ ಹುಡುಗಿಯ ಮನೆಗೆ ಮೊದಲ ತಿಂಗಳಲ್ಲಿಯೇ ಹೋಗುತ್ತೇನೆ. ಬಸಿರಿನ ಮಾತು ಎತ್ತುವುದಿಲ್ಲ. ಅತ್ತೆಯನ್ನೂ ಕೂರಿಸಿಕೊಂಡು, ಪೊಟ್ಟಣದ್ದಲ್ಲ, ಒಲೆಯ ಪಕ್ಕದ ಉಪ್ಪು ಕೊಡಿ ಎಂದು ಕೇಳುತ್ತೇನೆ. ಸೀಮಂತವಾಗಿ ತವರಿಗೆ ಹೊರಟವಳ ಉಪ್ಪು ಮತ್ತೆ ಬದಲಾಗುತ್ತದೆ. ಆ ಊರಿನ ಸಹಾಯಕಿಗೆ ಫೋನು ಮಾಡುತ್ತೇನೆ. ನನ್ನ ಪುಸ್ತಕದಲ್ಲಿ ಹೆಸರು, ಊರು, ತಿಂಗಳುಗಳ ಪಕ್ಕದಲ್ಲಿ ಈಗ ಇನ್ನೊಂದು ಗೆರೆ ಎಳೆದಿದ್ದೇನೆ: ಒಲೆಯ ಪಕ್ಕದ ಉಪ್ಪಿನ ಬಣ್ಣ. ಮೊದಲ ಭೇಟಿಯಲ್ಲಿ ಬಹಳ ಮನೆಗಳ ಮುಂದೆ 'ಬಿಳಿ' ಎಂದೇ ಬರೆಯಬೇಕಾಗುತ್ತದೆ. ಅಂಥ ಮನೆಗೆ ಹದಿನೈದು ದಿನ ಬಿಟ್ಟು ಮತ್ತೆ ಹೋಗುತ್ತೇನೆ.