ಹೋಟೆಲ್ ವೆಬ್‌ಸೈಟ್ ಮಾಡಿಸುವ ಮೊದಲು ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ

ನಿಮ್ಮ ಹೋಟೆಲ್‌ಗೆ ವೆಬ್‌ಸೈಟ್ ಬೇಕು ಅಂತ ತೀರ್ಮಾನ ಮಾಡಿದ್ದೀರಾ? ಡಿಸೈನರ್‌ನ ಹುಡುಕುವುದನ್ನು ಒಂದು ವಾರ ಮುಂದಕ್ಕೆ ಹಾಕಿ. ಆ ವಾರ ಫೋನ್ ಮಾಡಿದವರು ಏನೇ ಕೇಳಿದರೂ ಅವರ ಮಾತಿನಲ್ಲೇ ಬರೆದುಕೊಳ್ಳಿ. "ಈಗ ತೆಗೆದಿದೆಯಾ?" "ಎಲ್ಲಿ ಬರುತ್ತೆ?" "ಗಾಡಿ ನಿಲ್ಲಿಸೋಕೆ ಜಾಗ ಇದೆಯಾ?" "ಎಂಟು ಜನ ಒಟ್ಟಿಗೆ ಕೂರಬಹುದಾ?" "ವೀಲ್‌ಚೇರ್ ಒಳಗೆ ಬರುತ್ತಾ?" ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು ಹಾಕಿ. ವಾರದ ಕೊನೆಗೆ ಯಾವುದಕ್ಕೆ ಗೀಟು ಜಾಸ್ತಿ ಇದೆಯೋ ಅದರ ಉತ್ತರ ವೆಬ್‌ಸೈಟಿನ ಮೇಲ್ಭಾಗದಲ್ಲಿ ಇರಬೇಕು.

ನಾನು ವೆಬ್‌ಸೈಟ್ ಕೆಲಸಕ್ಕೆ ಬರುವ ಮೊದಲು ಒಂದು ಹೋಟೆಲ್ ಗಲ್ಲಾದಲ್ಲಿ ಕೂರುತ್ತಿದ್ದೆ. ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈಯಲ್ಲಿ ಫೋನು. ಹೋಟೆಲ್ ವೆಬ್‌ಸೈಟ್ ಅಂದ ತಕ್ಷಣ ಇವತ್ತಿಗೂ ನನ್ನ ಕಿವಿಯಲ್ಲಿ ಆ ಪ್ರಶ್ನೆಗಳೇ ಓಡುತ್ತವೆ. ಮಾಲೀಕರಿಗೆ ಮಾತ್ರ "ನಮ್ಮ ಕಥೆ" ಪುಟದ ಮೇಲೆ ತುಂಬಾ ಪ್ರೀತಿ. ಫೋನ್ ಮಾಡಿ "ನಿಮ್ಮ ಕಥೆ ಸ್ವಲ್ಪ ಹೇಳಿ" ಅಂದವರನ್ನು ನಾನಂತೂ ಕಂಡಿಲ್ಲ. ಕಥೆ ಬೇಡ ಅನ್ನಲ್ಲ. ಕೆಳಗೆಲ್ಲೋ ಇರಲಿ.

ಮೊದಲ ಪರದೆ

ನೋಡುವವರು ಬೀದಿಯಲ್ಲಿ ನಿಂತಿದ್ದಾರೆ, ಹಸಿದಿದ್ದಾರೆ, ಕೈಯಲ್ಲಿ ಫೋನ್ ಇದೆ ಅಂತಲೇ ಇಟ್ಟುಕೊಳ್ಳಿ. ಪುಟ ತೆರೆದಾಗ, ಬೆರಳಿನಿಂದ ಸರಿಸುವ ಮೊದಲೇ, ಹೋಟೆಲ್ ಹೆಸರು, ಎಂಥ ಊಟ ಸಿಗುತ್ತೆ ಅನ್ನುವ ಒಂದು ಸಾಲು, ಯಾವ ಏರಿಯಾ, ಇವತ್ತಿನ ಸಮಯ ಕಾಣಬೇಕು. ಜೊತೆಗೆ ಮೂರು ಬಟನ್: ಮೆನು, ದಾರಿ, ಕರೆ. ಟೇಬಲ್ ಬುಕಿಂಗ್ ಇದ್ದರೆ ಇನ್ನೊಂದು. ಅಷ್ಟು ಸಾಕು.

ಫೋನ್ ನಂಬರನ್ನು ಚಿತ್ರದೊಳಗೆ ಸೇರಿಸಬೇಡಿ. ಮುಟ್ಟಿದರೆ ಕರೆ ಹೋಗಬೇಕು, ವಿಳಾಸ ಮುಟ್ಟಿದರೆ ಮ್ಯಾಪ್ ತೆರೆಯಬೇಕು. ಎರಡೂ ಡಿಸೈನರ್‌ಗೆ ಐದು ನಿಮಿಷದ ಕೆಲಸ. ಬಟನ್ ದೊಡ್ಡದಿರಲಿ. ಆ್ಯಪಲ್ ಕನಿಷ್ಠ 44 ಪಾಯಿಂಟ್ (ಪರದೆಯ ಮೇಲಿನ ಅಳತೆ) ಇರಲಿ ಅನ್ನುತ್ತೆ, ಗೂಗಲ್‌ನ ವಿನ್ಯಾಸ ಮಾರ್ಗಸೂಚಿ ಮೆಟೀರಿಯಲ್ ಡಿಸೈನ್ ತನ್ನ ಅಳತೆಯಲ್ಲಿ 48 ಡಿಪಿ ಅನ್ನುತ್ತೆ. ನಾನು 48 ಇಟ್ಟುಬಿಡುತ್ತೇನೆ. ಒಂದೇ ಕೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಲ್ಲಿ ಒತ್ತುವವರೇ ಹೆಚ್ಚು, ಅಲ್ವಾ?

ಸಮಯ ಬರೆಯುವಾಗ ಬಾಗಿಲು ಮುಚ್ಚುವ ಹೊತ್ತು ಬೇರೆ, ಕೊನೆಯ ಆರ್ಡರ್ ತೆಗೆದುಕೊಳ್ಳುವ ಹೊತ್ತು ಬೇರೆ. ರಾತ್ರಿ 11ರವರೆಗೆ ಅಂತ ಹಾಕಿ 10:30ಕ್ಕೇ ಒಲೆ ಆರಿಸಿದರೆ 10:40ಕ್ಕೆ ಬಂದವರು ಸಿಟ್ಟಾಗುವುದು ಸಹಜ. ಎರಡನ್ನೂ ಬರೆಯಿರಿ. ಮಧ್ಯಾಹ್ನ ಮುಚ್ಚುತ್ತೀರಾದರೆ ಅದನ್ನೂ ಬರೆಯಿರಿ, ವಾರದ ರಜೆಯನ್ನೂ.

ತಾನಾಗಿ ಓಡುವ ಫೋಟೋ ಸ್ಲೈಡರ್, ಸ್ವಾಗತದ ವಿಡಿಯೋ, ಹಿನ್ನೆಲೆ ಸಂಗೀತ ಯಾವುದೂ ಬೇಡ. ಹಿಂದೆ ಹೋಟೆಲ್ ವೆಬ್‌ಸೈಟ್ ತೆರೆದರೆ ಮೊದಲು ಫ್ಲ್ಯಾಶ್ ಅನ್ನುವ ಅನಿಮೇಷನ್ ತಂತ್ರಾಂಶದಲ್ಲಿ ಮಾಡಿದ ಒಂದು ಆಟ ನಡೆಯುತ್ತಿತ್ತು, ಆಮೇಲೆ "ಒಳಗೆ ಬನ್ನಿ" ಅಂತ ಬರುತ್ತಿತ್ತು. 2007ರಲ್ಲಿ ಬಂದ ಐಫೋನ್‌ನಲ್ಲಿ ಫ್ಲ್ಯಾಶ್ ನಡೆಯಲೇ ಇಲ್ಲ. 2020ರ ಕೊನೆಗೆ ಅಡೋಬಿಯೇ ಅದನ್ನು ನಿಲ್ಲಿಸಿತು. ಆ ಚಟ ಮಾತ್ರ ವಿಡಿಯೋ ರೂಪದಲ್ಲಿ ಇನ್ನೂ ಉಳಿದಿದೆ.

ಮೆನು: ಇಲ್ಲಿಯೇ ಜಾಸ್ತಿ ಸಮಯ ಕೊಡಿ

ಅಚ್ಚು ಹಾಕಿಸಿದ ಮೆನು ಕಾರ್ಡಿನ ಪಿಡಿಎಫ್ ಅನ್ನು ಹಾಗೇ ಏರಿಸಿಬಿಡುವುದು ಸುಲಭ. ಕೆಲವರು ಕಾರ್ಡಿನ ಫೋಟೋ ತೆಗೆದೇ ಹಾಕಿರುತ್ತಾರೆ. ಅಂಗೈಯಗಲದ ಪರದೆಯಲ್ಲಿ ಅದನ್ನು ಓದಲು ಹಿಗ್ಗಿಸಬೇಕು, ಎಡಕ್ಕೆ ಎಳೆಯಬೇಕು, ಬಲಕ್ಕೆ ಎಳೆಯಬೇಕು. ಪದಾರ್ಥದ ಹೆಸರು ಒಂದು ತುದಿಯಲ್ಲಿ, ಬೆಲೆ ಇನ್ನೊಂದು ತುದಿಯಲ್ಲಿ. ಓದುವವರಿಗೆ ಸಾಕಾಗಿ ಹೋಗುತ್ತೆ.

ಮೆನು ಪುಟದಲ್ಲೇ ಅಕ್ಷರವಾಗಿ ಇರಲಿ. ಆಗ ಪರದೆ ಎಷ್ಟು ಅಗಲ ಇದೆಯೋ ಅದಕ್ಕೆ ತಾನಾಗಿ ಹೊಂದಿಕೊಳ್ಳುತ್ತೆ. ಸರ್ಚ್‌ನಲ್ಲಿ ಪದಾರ್ಥದ ಹೆಸರು ಹುಡುಕಿದವರಿಗೆ ನಿಮ್ಮ ಪುಟ ಸಿಗುವ ಸಾಧ್ಯತೆ ಹೆಚ್ಚುತ್ತೆ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುತ್ತೆ. ಪರಭಾಷೆಯವರು ಅನುವಾದಿಸಿಕೊಂಡು ಓದಬಹುದು. ಬೆಲೆ ಬದಲಾದರೆ ನೀವೇ ತಿದ್ದಬಹುದು, ಡಿಸೈನರ್‌ಗೆ ಕಾಯಬೇಕಿಲ್ಲ. ನನ್ನ ಕೇಳಿದರೆ ಈ ಕೊನೆಯದೇ ದೊಡ್ಡ ಲಾಭ.

ಪ್ರತಿ ಪದಾರ್ಥಕ್ಕೆ ಹೆಸರು, ಒಂದು ಸಾಲು, ಬೆಲೆ. ಆ ಒಂದು ಸಾಲಿನಲ್ಲಿ ಏನೇನು ಹಾಕಿದ್ದೀರಿ, ಹೇಗೆ ಬೇಯಿಸಿದ್ದೀರಿ, ಖಾರ ಎಷ್ಟು, ಒಬ್ಬರಿಗೋ ಇಬ್ಬರಿಗೋ ಅಂತ ಹೇಳಿ. "ಬಾಯಲ್ಲಿ ನೀರೂರಿಸುವ", "ಸ್ವರ್ಗೀಯ ರುಚಿಯ" ಅನ್ನುವ ಮಾತು ತೆಗೆದು ಹಾಕಿ. ಅದನ್ನು ಗಿರಾಕಿಗಳು ಹೇಳಲಿ. ಬೆಲೆ ಮುಚ್ಚಿಡುವುದಂತೂ ಬೇಡವೇ ಬೇಡ. ಬೆಲೆ ಕಾಣದಿದ್ದರೆ ಜನ ದುಬಾರಿ ಅಂತಲೇ ಅಂದುಕೊಂಡು ಮುಂದೆ ಹೋಗುತ್ತಾರೆ.

ಅಲರ್ಜಿ ವಿಷಯದಲ್ಲಿ ಉದಾಸೀನ ಮಾಡಬೇಡಿ. ಯೂರೋಪಿಯನ್ ಒಕ್ಕೂಟದ ನಿಯಮ 14 ಬಗೆಯ ಅಲರ್ಜಿ ಪದಾರ್ಥಗಳನ್ನು ಹೆಸರಿಸುತ್ತೆ. ಅಮೆರಿಕದ ಪಟ್ಟಿಗೆ 2023ರಿಂದ ಎಳ್ಳು ಸೇರಿ ಈಗ 9 ಇವೆ. ನಿಮ್ಮಲ್ಲಿ ಯಾವ ನಿಯಮವಿದೆ ನೋಡಿಕೊಳ್ಳಿ. ನಿಯಮ ಏನೇ ಇರಲಿ, ಕಡಲೆಬೀಜ, ಹಾಲು, ಮೊಟ್ಟೆ, ಗೋಧಿ ಇದ್ದರೆ ಅಕ್ಷರದಲ್ಲೇ ಬರೆಯಿರಿ. ಬರೀ ಹಸಿರು ಚುಕ್ಕೆ, ಕೆಂಪು ಚುಕ್ಕೆ ಹಾಕಿದರೆ ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ ಥರ ಕಾಣಬಹುದು.

ಕನ್ನಡದಲ್ಲಿ ಮೆನು ಹಾಕುವವರಿಗೆ ಒಂದು ಮಾತು. ಇಂಗ್ಲಿಷ್‌ಗೆ ಅಂತ ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ ಇರುತ್ತೆ. ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯುತ್ತೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಇಡಿಸಿ. ಎರಡು ಭಾಷೆ ಬೇಕಿದ್ದರೆ ಎರಡು ಪುಟ ಮಾಡಿ, ಮೇಲೆ ಭಾಷೆ ಬದಲಿಸುವ ಬಟನ್ ಕೊಡಿ. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಯಾವುದೂ ಓದಲು ಬರಲ್ಲ. ಯಾವ ಪುಟ ಯಾವ ಭಾಷೆ ಅಂತ ಕೋಡ್‌ನಲ್ಲಿ ಸೂಚಿಸಲು ಡಿಸೈನರ್‌ಗೆ ಹೇಳಿ. ಸ್ಕ್ರೀನ್ ರೀಡರ್ ಸರಿಯಾಗಿ ಉಚ್ಚರಿಸಲು ಅದು ಬೇಕು.

ಟೇಬಲ್ ಮೇಲೆ ಅಂಟಿಸುವ ಕ್ಯೂಆರ್ ಕೋಡ್ ಕೂಡ ಇದೇ ಪುಟಕ್ಕೆ ಹೋಗಲಿ. ನಿಮ್ಮದೇ ಡೊಮೈನ್ (ವೆಬ್‌ಸೈಟಿನ ಹೆಸರು) ಇರುವ ವಿಳಾಸ ಹಾಕಿ ಕೋಡ್ ಮಾಡಿಸಿ. ಬೇರೆ ಕಂಪನಿಯ ವಿಳಾಸದ ಮೂಲಕ ಹಾದುಹೋಗುವ ಕೋಡ್ ಆದರೆ, ಅವರ ಚಂದಾ ಮುಗಿದ ದಿನ ಟೇಬಲ್ ಮೇಲಿನ ಅಷ್ಟೂ ಸ್ಟಿಕ್ಕರ್ ದಂಡ.

ಫೋಟೋ ಮತ್ತು ವೇಗ

ನಿಮ್ಮ ಅಡುಗೆಮನೆಯಿಂದ ಬಂದ ತಟ್ಟೆಯ ಫೋಟೋನೇ ಹಾಕಿ. ಅಂತರ್ಜಾಲದಿಂದ ಎತ್ತಿದ ಚಂದದ ಚಿತ್ರ ಹಾಕಿ, ಟೇಬಲ್ಲಿಗೆ ಬೇರೆಯೇ ಬಂದರೆ ಆ ಗಿರಾಕಿ ಮತ್ತೆ ಬರಲ್ಲ. ಕಿಟಕಿ ಪಕ್ಕದ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ಫೋನಿನಲ್ಲೇ ತೆಗೆದರೂ ಚೆನ್ನಾಗಿ ಬರುತ್ತೆ. ಹತ್ತು ಒಳ್ಳೆಯ ಫೋಟೋ ಸಾಕು.

ಒಂದು ಫೋಟೋ ಮಾತ್ರ ಯಾರೂ ಕೇಳಲ್ಲ, ನಾನು ಕೇಳಿ ತೆಗೆಸುತ್ತೇನೆ: ಎದುರು ಬದಿಯ ರಸ್ತೆಯಿಂದ ಕಾಣುವ ಹೋಟೆಲ್ ಬಾಗಿಲು. ಮೊದಲ ಸಲ ಬರುವವರು ಹುಡುಕುವುದು ಅದನ್ನೇ. ಬೋರ್ಡಿನ ದೀಪ ಹತ್ತಿದ ಮೇಲೆ ಬೇರೆ ಥರ ಕಾಣುತ್ತೆ ಅಂದರೆ ರಾತ್ರಿಯದೂ ಒಂದು ಇರಲಿ. ಮೆಟ್ಟಿಲು ಎಷ್ಟಿವೆ ಅನ್ನುವುದೂ ಅದರಲ್ಲೇ ತಿಳಿಯುತ್ತೆ.

ಫೋನಿನಿಂದ ಬಂದ ಫೋಟೋ ಒಂದೊಂದೂ ಹಲವು ಎಂಬಿ ಇರುತ್ತೆ. ಅದನ್ನು ನೇರ ಏರಿಸಬೇಡಿ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನುವ ಹಗುರವಾದ ಚಿತ್ರ ರೂಪಕ್ಕೆ ಬದಲಿಸಿ, 200 ಕೆಬಿ ಒಳಗೆ ತನ್ನಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಅವರ ಉಚಿತ ಸಾಧನದಲ್ಲಿ ಇದನ್ನು ನೋಡಬಹುದು. ಪ್ರತಿ ಫೋಟೋಕ್ಕೂ ಅಗಲ, ಎತ್ತರ ಕೋಡ್‌ನಲ್ಲಿ ಬರೆದಿರಲಿ. ಇಲ್ಲದಿದ್ದರೆ ಫೋಟೋ ತಡವಾಗಿ ಬಂದು ಪುಟ ಕೆಳಕ್ಕೆ ಜಿಗಿಯುತ್ತೆ, ಮೆನು ಒತ್ತಲು ಹೋದ ಬೆರಳು ಇನ್ನೇನನ್ನೋ ಒತ್ತುತ್ತೆ. ಆಮೇಲೆ ಒಂದು ಹಳೆಯ ಫೋನ್ ಹಿಡಿದು, ವೈಫೈ ಆರಿಸಿ, ಬಿಸಿಲಿಗೆ ಹೋಗಿ ಪುಟ ತೆರೆದು ನೋಡಿ. ಕಪ್ಪು ಹಿನ್ನೆಲೆಯ ಮೇಲೆ ಬಳ್ಳಿಯಂಥ ತೆಳು ಅಕ್ಷರ ಇಷ್ಟಪಡುವ ಮಾಲೀಕರನ್ನು ನಾನು ಸುಮ್ನೆ ಹೊರಗೆ ಕರೆದುಕೊಂಡು ಹೋಗುತ್ತೇನೆ. ವಾದ ಅಲ್ಲೇ ಮುಗಿಯುತ್ತೆ. ಸಾಮಾನ್ಯ ಅಳತೆಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅನ್ನುವುದು ಡಬ್ಲ್ಯುಸಿಎಜಿ, ಅಂದರೆ ವೆಬ್ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ.

ಬುಕಿಂಗ್ ಫಾರ್ಮ್

ಹೆಸರು, ಫೋನ್, ದಿನ, ಹೊತ್ತು, ಎಷ್ಟು ಜನ. ಮುಗಿಯಿತು. ಹುಟ್ಟಿದ ದಿನ ಯಾಕೆ ಕೇಳುತ್ತೀರಿ? ಫೋನ್ ನಂಬರಿನ ಜಾಗ ಮುಟ್ಟಿದರೆ ಅಂಕಿಗಳ ಕೀಬೋರ್ಡೇ ಬರಲಿ. ಬರೆಯುವ ಜಾಗದ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್‌ನಲ್ಲಿ ಪುಟ ತಾನಾಗಿ ಹಿಗ್ಗಿಬಿಡುತ್ತೆ, ಅದನ್ನೂ ನೋಡಿಕೊಳ್ಳಿ. ಕಳಿಸಿದ ಮೇಲೆ "ಧನ್ಯವಾದ" ಅಂತ ಮಾತ್ರ ಬಂದರೆ ಟೇಬಲ್ ಸಿಕ್ಕಿತೋ ಇಲ್ಲವೋ ಗೊತ್ತಾಗಲ್ಲ. "ನಿಮ್ಮ ಕೋರಿಕೆ ಬಂದಿದೆ, ಫೋನ್ ಮಾಡಿ ಖಚಿತ ಮಾಡುತ್ತೇವೆ" ಅಂತ ಸ್ಪಷ್ಟವಾಗಿ ಹೇಳಿ. ಫಾರ್ಮ್‌ನಿಂದ ಬರುವ ಮೇಲ್ ನೋಡುವವರೇ ಇಲ್ಲ ಅಂದರೆ ಫಾರ್ಮ್ ತೆಗೆದು ಹಾಕಿ, ಕರೆ ಬಟನ್ ಸಾಕು.

ವೆಬ್‌ಸೈಟಿನ ಹೊರಗೆ

ಬಹಳ ಜನ ನಿಮ್ಮ ವೆಬ್‌ಸೈಟಿಗೆ ಬರುವ ಮೊದಲು ಮ್ಯಾಪ್‌ನಲ್ಲೇ ನಿಮ್ಮನ್ನು ನೋಡಿರುತ್ತಾರೆ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿರುವ (ಮ್ಯಾಪ್‌ನಲ್ಲಿ ಕಾಣುವ ನಿಮ್ಮ ಹೋಟೆಲ್ ಮಾಹಿತಿ) ಹೆಸರು, ವಿಳಾಸ, ನಂಬರ್, ಸಮಯ ವೆಬ್‌ಸೈಟಿನಲ್ಲಿ ಇರುವಂತೆಯೇ ಇರಲಿ. ಸರ್ಚ್ ಎಂಜಿನ್‌ಗಳಿಗೆ ಇದೇ ಮಾಹಿತಿ ಅರ್ಥವಾಗುವಂತೆ ಬರೆಯಲು ಸ್ಕೀಮಾ ಡಾಟ್ ಆರ್ಗ್ ಅನ್ನುವ ಪದ್ಧತಿ ಇದೆ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಶುರು ಮಾಡಿದ್ದು. ಅದರಲ್ಲಿ ರೆಸ್ಟೋರೆಂಟ್‌ಗೇ ಒಂದು ಬಗೆ ಇದೆ. ಸಮಯ, ಮೆನು ವಿಳಾಸ, ಬುಕಿಂಗ್ ಇದೆಯೋ ಇಲ್ಲವೋ ಎಲ್ಲ ಹಾಕಬಹುದು. ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಸುರಕ್ಷಿತ ಸಂಪರ್ಕ) ಇಲ್ಲದ ಪುಟಕ್ಕೆ ಕ್ರೋಮ್ 2018ರಿಂದ "ಸುರಕ್ಷಿತವಲ್ಲ" ಅಂತ ತೋರಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು ಉಚಿತವಾಗಿ ಕೊಡುತ್ತೆ. ಅದಕ್ಕೇ ಅಂತ ಯಾರಾದರೂ ದೊಡ್ಡ ಬಿಲ್ ಹಾಕಿದರೆ ಯಾಕೆ ಅಂತ ಕೇಳಿ.

ಡಿಸೈನರ್‌ಗೆ ಕೊನೆಯ ಕಂತು ಕೊಡುವ ಮೊದಲು ಮೂರು ವಿಷಯ ಕೈಗೆ ಬರಲಿ. ಡೊಮೈನ್ ನಿಮ್ಮ ಹೆಸರಿನಲ್ಲಿರಬೇಕು. ಹೋಸ್ಟಿಂಗ್ (ವೆಬ್‌ಸೈಟ್ ಇಟ್ಟಿರುವ ಸರ್ವರ್ ಜಾಗ) ಮತ್ತು ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಬೇಕು. ಬೆಲೆ ಬದಲಿಸುವುದು, ರಜೆ ಹಾಕುವುದು ಹೇಗೆ ಅಂತ ಅವರು ನಿಮ್ಮ ಎದುರೇ ಕೂತು ತೋರಿಸಬೇಕು, ಆಮೇಲೆ ನೀವೇ ಒಂದು ಸಲ ಮಾಡಬೇಕು. ಗಲ್ಲಾದಲ್ಲಿ ಕೂರುವವರಿಗೂ ಅದನ್ನು ಕಲಿಸಿಡಿ. ಹಬ್ಬದ ಹಿಂದಿನ ರಾತ್ರಿ "ನಾಳೆ ರಜೆ" ಅಂತ ಹಾಕಬೇಕಾದಾಗ ಡಿಸೈನರ್ ಫೋನ್ ಎತ್ತಲ್ಲ. ಡೊಮೈನ್ ನವೀಕರಣದ ನೋಟಿಸ್ ಬರುವ ಇಮೇಲ್ ಕೂಡ ನೀವು ದಿನಾ ತೆರೆಯುವುದೇ ಆಗಿರಲಿ, ಕೆಲಸ ಬಿಟ್ಟು ಹೋದ ಮ್ಯಾನೇಜರ್‌ದಾಗಿರುವುದು ಬೇಡ.